ತ್ಯಾಗಮೂರ್ತಿ ಉಮಾಬಾಯಿ ಕುಂದಾಪುರ

ಪ್ರಥಮ ತೀರ್ಥಂಕರರಾದ ಶ್ರೀ ಆದಿನಾಥ ಸ್ವಾಮಿಗಳು ರಾಜ್ಯಭಾರ ಮಾಡುತ್ತಿದ್ದ ಕಾಲದಲ್ಲಿ ತಮ್ಮ ಕುಮಾರಿಯರಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದರೆಂಬ ಕಥೆಯನ್ನು ಶ್ರಾವಕ ಕುಟುಂಬದ ಮಕ್ಕಳೆಲ್ಲರೂ ಕೇಳಿಯೇ ಬೆಳೆಯುತ್ತಾರೆ. ವಿದ್ಯೆಯೆಂಬುದು ಮೊದಲು ಹೆಣ್ಣುಮಕ್ಕಳ ಕೈಗೆ ಬಂದಿತೆಂದು ಪುರಾಣವು ಸಾರಿದರೂ, ವ್ಯವಹಾರದಲ್ಲಿ ಆ ಮಾತು ಶತಮಾನಗಳ ಕಾಲ ಮರೆತುಹೋಗಿತ್ತು. 1901ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಓದು ಬರಹ ಬಲ್ಲ ಸ್ತ್ರೀಯರು ನೂರಕ್ಕೆ ಒಬ್ಬರೂ ಇರಲಿಲ್ಲ. ಬಾಲ್ಯದಲ್ಲಿಯೇ ವಿವಾಹ, ದುರ್ದೈವದಿಂದ ಪತಿ ತೀರಿಕೊಂಡರೆ ಆಜನ್ಮ ಮೂಲೆಯ ವಾಸ, ಇದು ಅನೇಕ ಕುಟುಂಬಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು.

ಇಂತಹ ಕಾಲದಲ್ಲಿ ಜನಿಸಿ, ಹುಬ್ಬಳ್ಳಿಯನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡು, ಸಾವಿರಾರು ಸ್ತ್ರೀಯರಿಗೆ ಹೊಸ್ತಿಲಾಚೆಯ ಜಗತ್ತನ್ನು ತೋರಿಸಿಕೊಟ್ಟ ಮಹಾತಾಯಿ ಉಮಾಬಾಯಿ ಕುಂದಾಪುರ ಅವರು. ಇಂದು ದೇಶಪಾಂಡೆ ನಗರದ ರಸ್ತೆಗಳಲ್ಲಿ ಮುಂಜಾನೆ ಪುಸ್ತಕದ ಚೀಲ ಹಿಡಿದು ನಿರ್ಭಯವಾಗಿ ಸಾಗುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಅವರ ಹೆಸರು ತಿಳಿದಿದೆಯೋ ಹೇಳಲಾಗದು. ಆದರೆ ಆ ನಡಿಗೆಯ ಹಿಂದೆ ಅವರ ಬೆವರಿದೆ. ಅವರ ಜೀವನವನ್ನು ಸಂಕ್ಷೇಪವಾಗಿ ಸ್ಮರಿಸುವುದು ಈ ಲೇಖನದ ಉದ್ದೇಶ.

ಜನನ ಮತ್ತು ವಿದ್ಯಾಭ್ಯಾಸ

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಗೋಳಿಕೇರಿ ಕೃಷ್ಣರಾಯರ ಮಗಳಾಗಿ ಜನಿಸಿದರು. ತವರಿನಲ್ಲಿ ಇಟ್ಟ ಹೆಸರು ಭವಾನಿ. ಆ ಕಾಲದ ರೂಢಿಯಂತೆ ಎಳೆಯ ವಯಸ್ಸಿನಲ್ಲಿಯೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಭವಾನಿಯು ಉಮಾಬಾಯಿಯಾಗಿ ಮುಂಬಯಿಯ ಮನೆಯನ್ನು ಸೇರಿದರು.

ಇಲ್ಲಿಂದ ಮುಂದೆ ನಡೆದದ್ದು ರೂಢಿಗೆ ವಿರುದ್ಧವಾದದ್ದು. ಮಾವನವರಾದ ಆನಂದರಾವ್ ಕುಂದಾಪುರ ಅವರು ಸುಧಾರಕ ಮನೋಭಾವದವರು. ಸ್ತ್ರೀಯರು ಮುಂದೆ ಬಾರದ ಹೊರತು ದೇಶವು ಮುಂದೆ ಬಾರದೆಂದು ಅವರು ನಂಬಿದ್ದರು. ನಂಬಿದ್ದನ್ನು ಮೊದಲು ತಮ್ಮ ಮನೆಯಲ್ಲಿಯೇ ಆಚರಣೆಗೆ ತಂದರು. ಮದುವೆಯೊಂದಿಗೆ ಮುಗಿದುಹೋಗಬೇಕಾಗಿದ್ದ ಸೊಸೆಯ ಓದು ಅವರ ಪ್ರೋತ್ಸಾಹದಿಂದ ಮುಂದುವರಿಯಿತು. ಉಮಾಬಾಯಿಯವರು ಸಂಸಾರದ ಕೆಲಸಗಳ ನಡುವೆಯೇ ಅಭ್ಯಾಸ ಮಾಡಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಗಂಡುಮಕ್ಕಳಲ್ಲಿಯೇ ಮೆಟ್ರಿಕ್ ಆದವರು ಅಪರೂಪವಾಗಿದ್ದ ಕಾಲವದು. ತಾವು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ, ಮುಂಬಯಿಯ ಗಾಂವದೇವಿ ಮಹಿಳಾ ಸಮಾಜದಲ್ಲಿ ಮಾವನವರಿಗೆ ನೆರವಾಗಿ ಇತರ ಸ್ತ್ರೀಯರಿಗೆ ಪಾಠ ಹೇಳತೊಡಗಿದರು. ಹೀಗೆ ಸೇವೆಯ ದೀಕ್ಷೆಯು ಅವರಿಗೆ ಮನೆಯ ಹಿರಿಯರಿಂದಲೇ ದೊರೆಯಿತೆನ್ನಬಹುದು.

1920ನೆಯ ಇಸವಿ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ದಿವಂಗತರಾದರು. ಆ ಮಹಾಪುರುಷರ ಅಂತ್ಯಯಾತ್ರೆಯಲ್ಲಿ ಹರಿದುಬಂದ ಜನಸಾಗರವು ಉಮಾಬಾಯಿಯವರ ಮನಸ್ಸಿನ ಮೇಲೆ ಅಳಿಯದ ಮುದ್ರೆಯನ್ನೊತ್ತಿತು. ಅಂದಿನಿಂದ ಅವರು ಕಾಂಗ್ರೆಸ್ಸಿನ ಸ್ವಯಂಸೇವಿಕೆಯಾದರು. ಖಾದಿಯನ್ನುಟ್ಟರು, ಮನೆಮನೆಗೆ ಹೋಗಿ ಸ್ವದೇಶಿಯ ಸಂದೇಶವನ್ನು ಸಾರಿದರು.

ವೈಧವ್ಯದ ಆಘಾತ

1923ರಲ್ಲಿ ಸಂಜೀವರಾಯರು ಕ್ಷಯರೋಗದಿಂದ ತೀರಿಕೊಂಡರು. ತಾರುಣ್ಯದಲ್ಲಿಯೇ ಉಮಾಬಾಯಿಯವರಿಗೆ ವೈಧವ್ಯ ಪ್ರಾಪ್ತವಾಯಿತು.

ಆ ಕಾಲದ ವಿಧವೆಯ ಸ್ಥಿತಿಯನ್ನು ಇಂದಿನ ಯುವಕ ಯುವತಿಯರಿಗೆ ಸ್ವಲ್ಪ ವಿವರಿಸಿ ಹೇಳುವುದು ಅವಶ್ಯ. ಅನೇಕ ಮನೆತನಗಳಲ್ಲಿ ಗಂಡ ಸತ್ತವಳ ತಲೆಗೂದಲು ತೆಗೆಸುತ್ತಿದ್ದರು. ಆಭರಣ, ಕುಂಕುಮ, ಹೂವು, ಬಣ್ಣದ ಸೀರೆ ಎಲ್ಲವನ್ನೂ ಕಸಿದುಕೊಳ್ಳುತ್ತಿದ್ದರು. ಮಂಗಲ ಕಾರ್ಯಗಳಲ್ಲಿ ಅವಳಿಗೆ ಎದುರು ಬರುವ ಅವಕಾಶವಿರಲಿಲ್ಲ. ವಿಧವಾ ಪುನರ್ವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಸಮ್ಮತಿ ದೊರೆತಿದ್ದರೂ ಸಮಾಜದ ಸಮ್ಮತಿ ದೊರೆತಿರಲಿಲ್ಲ. ಇದೆಲ್ಲಕ್ಕೂ ತ್ಯಾಗವೆಂದೂ ವೈರಾಗ್ಯವೆಂದೂ ದೊಡ್ಡ ಹೆಸರುಗಳನ್ನು ಕೊಡಲಾಗುತ್ತಿತ್ತು. ಆದರೆ ತಾನಾಗಿ ಬಿಟ್ಟದ್ದು ತ್ಯಾಗ, ಇತರರು ಬಿಡಿಸಿದ್ದು ಅಪಹರಣ ಎಂಬುದನ್ನು ಧರ್ಮವನ್ನು ಬಲ್ಲವರು ಅಲ್ಲಗಳೆಯಲಾರರು. ಒತ್ತಾಯದ ಉಪವಾಸಕ್ಕೆ ಯಾರೂ ವ್ರತವೆನ್ನುವುದಿಲ್ಲ.

ಇಲ್ಲಿಯೂ ಆನಂದರಾಯರ ವಿವೇಕವು ಸೊಸೆಯ ಕೈಹಿಡಿಯಿತು. ಪುತ್ರಶೋಕದ ನಡುವೆಯೂ ಅವರು ಸೊಸೆಯನ್ನು ಮೂಲೆಗೆ ಕಳುಹಿಸಲಿಲ್ಲ. ಅವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ನೆಲೆಸಿದರು. ಇಲ್ಲಿ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯವು ಪ್ರಾರಂಭವಾಯಿತು. ತಿಲಕ ಕನ್ಯಾಶಾಲೆಯೆಂಬ ಹೆಣ್ಣುಮಕ್ಕಳ ಶಾಲೆಯ ಹೊಣೆಯನ್ನು ಉಮಾಬಾಯಿಯವರು ವಹಿಸಿಕೊಂಡರು. ವೈಧವ್ಯವು ಅವರ ಬದುಕಿನ ಒಂದು ಬಾಗಿಲನ್ನು ಮುಚ್ಚಿತು. ಮಾವನವರು ಇನ್ನೊಂದನ್ನು ತೆರೆದರು. ಆ ಬಾಗಿಲಿನಿಂದ ಹೊರಬಂದವರು ಮಾತ್ರ ಒಬ್ಬಂಟಿಯಾಗಿ ನಡೆಯದೆ ಊರಿನ ಸ್ತ್ರೀಯರನ್ನೆಲ್ಲ ಜೊತೆಗೆ ಕರೆದುಕೊಂಡು ನಡೆದರು.

ಭಗಿನಿ ಮಂಡಲ

ಅದೇ ಸಮಯದಲ್ಲಿ ಡಾ. ನಾ. ಸು. ಹರ್ಡೀಕರ ಅವರು ಹುಬ್ಬಳ್ಳಿಯನ್ನು ಕೇಂದ್ರವಾಗಿರಿಸಿಕೊಂಡು ಹಿಂದುಸ್ತಾನಿ ಸೇವಾದಳವನ್ನು ಕಟ್ಟುತ್ತಿದ್ದರು. ಅಮೇರಿಕೆಯಲ್ಲಿ ವ್ಯಾಸಂಗ ಮಾಡಿ ಬಂದ ಅವರಿಗೆ ಶಿಸ್ತಿಲ್ಲದ ದೇಶಭಕ್ತಿಯು ಬಹುಕಾಲ ನಿಲ್ಲದೆಂಬುದು ಚೆನ್ನಾಗಿ ತಿಳಿದಿತ್ತು. ಯುವಕರಿಗೆ ಕವಾಯತು, ಶುಚಿತ್ವ, ಸೇವೆ ಇವುಗಳಲ್ಲಿ ತರಬೇತಿ ಕೊಡುವುದು ಸೇವಾದಳದ ಕೆಲಸ. ಅದರ ಸ್ತ್ರೀ ವಿಭಾಗಕ್ಕೆ ಉಮಾಬಾಯಿಯವರು ನಾಯಕಿಯಾದರು. ಭಗಿನಿ ಮಂಡಲವೆಂಬ ಸಂಸ್ಥೆಯನ್ನೂ ಕಟ್ಟಿ ಊರಿನ ಸ್ತ್ರೀಯರನ್ನು ಒಂದೆಡೆ ಸೇರಿಸಿದರು. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದ ಕಾರ್ಯದಲ್ಲಿ ಭಾಗಿಗಳಾಗಿದ್ದರು.

ಸ್ತ್ರೀಯರು ಒಂದೆಡೆ ಸೇರುವುದು ಇಂದು ದೊಡ್ಡ ಮಾತಲ್ಲ. ಆದರೆ ಅಂದು ಮದುವೆ, ಮುಂಜಿ, ಜಾತ್ರೆಗಳ ಹೊರತಾಗಿ ಹೆಣ್ಣುಮಗಳೊಬ್ಬಳು ಸಭೆಗೆಂದು ಮನೆಯಿಂದ ಹೊರಡುವುದು ಊರಿನ ಬಾಯಿಗೆ ಆಹಾರವಾಗುವ ಸಂಗತಿ. ಉಮಾಬಾಯಿಯವರು ಮನೆಮನೆಗೆ ಹೋಗಿ ಅತ್ತೆಯಂದಿರನ್ನೂ ಗಂಡಂದಿರನ್ನೂ ಒಪ್ಪಿಸಬೇಕಾಗಿತ್ತು. ಸ್ವತಃ ವಿಧವೆಯಾಗಿದ್ದ ಅವರು ಎಲ್ಲರೆದುರು ನಿಂತು ಮಾತನಾಡುವುದೇ ಕೆಲವರಿಗೆ ಸಹಿಸದ ಸಂಗತಿಯಾಗಿದ್ದೀತು. ಅವರು ವಾದಕ್ಕೆ ಇಳಿಯಲಿಲ್ಲ. ಕೆಲಸವನ್ನು ಬಿಡಲೂ ಇಲ್ಲ.

ಬೆಳಗಾವಿ ಅಧಿವೇಶನ

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧಿವೇಶನವು ಜರುಗಿತು. ಮಹಾತ್ಮಾ ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಇದೇ ಆಗಿದೆ. ಬಾಲೆ ಗಂಗೂಬಾಯಿ ಹಾನಗಲ್ಲರು ಆ ಅಧಿವೇಶನದಲ್ಲಿ ಹಾಡಿದ ಸಂಗತಿಯನ್ನು ಈ ಭಾಗದ ಜನರು ಅಭಿಮಾನದಿಂದ ಸ್ಮರಿಸುತ್ತಾರೆ.

ಈ ಅಧಿವೇಶನಕ್ಕಾಗಿ ಉಮಾಬಾಯಿಯವರು ಪ್ರಾಂತದಲ್ಲೆಲ್ಲ ಸಂಚರಿಸಿ 150ಕ್ಕೂ ಹೆಚ್ಚು ಸ್ತ್ರೀಯರನ್ನು ಸ್ವಯಂಸೇವಿಕೆಯರನ್ನಾಗಿ ಸಿದ್ಧಪಡಿಸಿದರು. ಅವರಲ್ಲಿ ಗೃಹಿಣಿಯರಿದ್ದರು, ವಿಧವೆಯರೂ ಇದ್ದರು. ಸಂಖ್ಯೆಯು ಸಣ್ಣದೆಂದು ಇಂದು ತೋರಬಹುದು. ಆದರೆ ಮನೆಯನ್ನು ಬಿಟ್ಟು, ಪರಊರಿನ ಶಿಬಿರದಲ್ಲಿದ್ದುಕೊಂಡು, ಜಾತಿ ಮತಗಳ ಭೇದವಿಲ್ಲದೆ ಬಂದವರ ಸೇವೆ ಮಾಡಲು ಒಪ್ಪಿದ 150 ಸ್ತ್ರೀಯರ ಹಿಂದೆ, ಒಪ್ಪಿಗೆ ಕೊಟ್ಟ 150 ಮನೆಗಳಿದ್ದವು. ಮಂಗಲ ಕಾರ್ಯದಲ್ಲಿ ಮುಂದೆ ಬರಬಾರದೆಂದು ಹೇಳಿಸಿಕೊಂಡಿದ್ದ ವಿಧವೆಯು ರಾಷ್ಟ್ರದ ಬಹುದೊಡ್ಡ ಸಮಾರಂಭದಲ್ಲಿ ಸೇವೆಗೆ ನಿಂತಳು. ಯಾವ ಭಾಷಣವೂ ಮಾಡಲಾಗದ ಕೆಲಸವನ್ನು ಆ ಒಂದು ದೃಶ್ಯವು ಮಾಡಿತೆನ್ನಬೇಕು.

ಯರವಡಾ ಕಾರಾಗೃಹ

1930ರ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಕರ್ನಾಟಕದಲ್ಲಿಯೂ ಸ್ತ್ರೀಯರು ಬೀದಿಗೆ ಬಂದಿದ್ದರು. 1932ರಲ್ಲಿ ಸರಕಾರವು ಚಳುವಳಿಯನ್ನು ಹತ್ತಿಕ್ಕಲು ಕಠಿಣ ಕ್ರಮಗಳನ್ನು ಕೈಗೊಂಡಾಗ ಉಮಾಬಾಯಿಯವರು ಬಂಧನಕ್ಕೊಳಗಾಗಿ ಪುಣೆಯ ಯರವಡಾ ಕಾರಾಗೃಹದಲ್ಲಿ ನಾಲ್ಕು ತಿಂಗಳು ಶಿಕ್ಷೆಯನ್ನು ಅನುಭವಿಸಿದರು. ಗಾಂಧೀಜಿಯವರೂ ಆ ವರ್ಷ ಯರವಡಾದಲ್ಲಿಯೇ ಸೆರೆಯಲ್ಲಿದ್ದರು.

ಸೆರೆಮನೆಯಲ್ಲಿದ್ದಾಗಲೇ ಅವರಿಗೆ ಸಿಡಿಲಿನಂತಹ ವಾರ್ತೆ ಬಂದಿತು. ತಂದೆಗಿಂತ ಹೆಚ್ಚಾಗಿ ಕಾಪಾಡಿ, ಓದಿಸಿ, ಹೊರಜಗತ್ತಿಗೆ ಕರೆತಂದ ಮಾವನವರು ತೀರಿಕೊಂಡರು. ಕೊನೆಯ ದರ್ಶನವೂ ದೊರೆಯಲಿಲ್ಲ. ಸಹಬಂದಿಯಾಗಿದ್ದ ಸರೋಜಿನಿ ನಾಯಿಡು ಅವರು ಆ ದುಃಖದ ಗಳಿಗೆಯಲ್ಲಿ ಅವರನ್ನು ಸಂತೈಸಿದರು.

ಬಿಡುಗಡೆ ಹೊಂದಿ ಹುಬ್ಬಳ್ಳಿಗೆ ಬಂದಾಗ ಎದುರಾದ ಸ್ಥಿತಿ ಇನ್ನೂ ಕಠೋರವಾದದ್ದು. ಮುದ್ರಣಾಲಯವನ್ನು ಸರಕಾರವು ಜಪ್ತಿ ಮಾಡಿತ್ತು. ಕನ್ಯಾಶಾಲೆಗೆ ಮುದ್ರೆ ಬಿದ್ದಿತ್ತು. ಭಗಿನಿ ಮಂಡಲವು ಕಾನೂನುಬಾಹಿರ ಸಂಸ್ಥೆಯೆಂದು ಸಾರಲ್ಪಟ್ಟಿತ್ತು. ಸೇವಾದಳವೂ ನಿಷೇಧಕ್ಕೊಳಗಾಗಿತ್ತು. ಅಂಗಡಿಯೊಂದನ್ನು ಕಟ್ಟಿ ಬೆಳೆಸಿದವರಿಗೆ ಈ ಮಾತಿನ ಭಾರ ಬೇಗನೆ ತಿಳಿದೀತು. ಮುದ್ರಣಾಲಯವೆಂದರೆ ಯಂತ್ರ, ಮೊಳೆ, ಕಾಗದ ಇವುಗಳಲ್ಲಿ ತೊಡಗಿಸಿದ ಬಂಡವಾಳ. ಅದು ಹೋದರೆ ಜೀವನೋಪಾಯವೇ ಹೋದಂತೆ. ಪತಿಯಿಲ್ಲ, ಮಾವನವರಿಲ್ಲ, ಉದ್ಯೋಗವಿಲ್ಲ, ಶಾಲೆಯಿಲ್ಲ. ಸರಕಾರಕ್ಕೆ ಒಂದು ಕ್ಷಮಾಪಣೆಯ ಕಾಗದವನ್ನು ಬರೆದುಕೊಟ್ಟು ಶೇಷ ಆಯುಷ್ಯವನ್ನು ನೆಮ್ಮದಿಯಿಂದ ಕಳೆಯಬೇಕೆಂದು ಯಾರಾದರೂ ಯೋಚಿಸಿದ್ದರೆ ಅದು ಮನುಷ್ಯಸಹಜವೇ. ಉಮಾಬಾಯಿಯವರು ಆ ದಾರಿಯನ್ನು ಹಿಡಿಯಲಿಲ್ಲ.

ಎಲ್ಲರಿಗೂ ತೆರೆದ ಮನೆ

ಯರವಡಾ, ಹಿಂಡಲಗಾ ಮೊದಲಾದ ಸೆರೆಮನೆಗಳಿಂದ ಶಿಕ್ಷೆ ಮುಗಿಸಿ ಹೊರಬರುತ್ತಿದ್ದ ಸ್ತ್ರೀ ಸತ್ಯಾಗ್ರಹಿಗಳಲ್ಲಿ ಅನೇಕರ ಕೈಯಲ್ಲಿ ಊರಿಗೆ ಹೋಗುವ ಹಣವೂ ಇರುತ್ತಿರಲಿಲ್ಲ. ಸೆರೆಮನೆ ಕಂಡುಬಂದ ಹೆಣ್ಣುಮಗಳನ್ನು ಮನೆ ತುಂಬಿಸಿಕೊಳ್ಳಲು ಆ ಕಾಲದಲ್ಲಿ ಎಷ್ಟೋ ಕುಟುಂಬಗಳು ಹಿಂಜರಿಯುತ್ತಿದ್ದವು. ಅಂಥವರಿಗೆ ಉಮಾಬಾಯಿಯವರ ಪುಟ್ಟ ಮನೆಯೇ ಆಶ್ರಯವಾಯಿತು. ಊಟ, ವಸತಿ, ಊರಿಗೆ ಹೋಗುವ ಖರ್ಚು ಎಲ್ಲವನ್ನೂ ಅವರು ಒದಗಿಸುತ್ತಿದ್ದರು. ತಮಗೇ ಆಧಾರವಿಲ್ಲದ ಹೊತ್ತಿನಲ್ಲಿ ಇತರರಿಗೆ ಆಧಾರವಾಗುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ವಿಧವಾಗಿ ಹೇಳಿದ್ದಾರೆ. ಅವುಗಳಲ್ಲಿ ಅಭಯವೇ ಹಿರಿದೆನ್ನುವುದಾದರೆ, ಆ ಮನೆಯಲ್ಲಿ ನಡೆದದ್ದು ಅಭಯದಾನವೇ ಸರಿ.

1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಗಿ ಸಹಸ್ರಾರು ಜನರು ಪ್ರಾಣ ಕಳೆದುಕೊಂಡರು. ಬಾಬು ರಾಜೇಂದ್ರಪ್ರಸಾದರು ಪರಿಹಾರ ಕಾರ್ಯದ ನೇತೃತ್ವ ವಹಿಸಿದ್ದರು. ಉಮಾಬಾಯಿಯವರು ಕರ್ನಾಟಕದ ಸ್ವಯಂಸೇವಕರೊಡನೆ ಅಷ್ಟು ದೂರ ಪ್ರಯಾಣ ಮಾಡಿ ಸಂತ್ರಸ್ತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಭಾಷೆ ಬೇರೆ, ಊಟ ಬೇರೆ, ಚಳಿ ಬೇರೆ. ಕಣ್ಣೀರಿಗೆ ಮಾತ್ರ ಯಾವ ಪ್ರಾಂತದಲ್ಲಿಯೂ ಭೇದವಿಲ್ಲ.

1942ರ ಚಲೇಜಾವ್ ಚಳುವಳಿಯಲ್ಲಿ ಭೂಗತರಾಗಿ ಹೋರಾಡುತ್ತಿದ್ದ ಕಾರ್ಯಕರ್ತರಿಗೆ ಅನ್ನ, ಆಶ್ರಯ, ಹಣ ಇವುಗಳನ್ನು ಒದಗಿಸಿದರು. ಸರಕಾರದ ಕಣ್ಣು ತಪ್ಪಿಸಿ ಮಾಡಬೇಕಾದ ಈ ಕಾರ್ಯದಲ್ಲಿ ಸೆರೆಮನೆಯ ಭಯವು ಪ್ರತಿದಿನವೂ ಇತ್ತು.

ಹಳ್ಳಿಯ ಹೆಣ್ಣುಮಕ್ಕಳ ಕಡೆಗೆ

ಕಸ್ತೂರಬಾ ಅವರು 1944ರ ಫೆಬ್ರುವರಿ 22ರಂದು ಪುಣೆಯ ಆಗಾಖಾನ್ ಅರಮನೆಯಲ್ಲಿ, ಬಂಧನದಲ್ಲಿರುವಾಗಲೇ ನಿಧನ ಹೊಂದಿದರು. ಅವರ ಸ್ಮಾರಕವಾಗಿ ದೇಶವು ಕೂಡಿಸಿದ ನಿಧಿಯು ಒಂದು ಕೋಟಿ ರೂಪಾಯಿಗಳನ್ನು ಮೀರಿತು. ಆ ಹಣವನ್ನು ಹಳ್ಳಿಗಳ ಸ್ತ್ರೀಯರ ಮತ್ತು ಮಕ್ಕಳ ಏಳಿಗೆಗಾಗಿ ವಿನಿಯೋಗಿಸಬೇಕೆಂದು ಗಾಂಧೀಜಿಯವರು ಕಟ್ಟುಪಾಡು ಮಾಡಿದರು. 1946ರಲ್ಲಿ ಈ ಟ್ರಸ್ಟಿನ ಕರ್ನಾಟಕ ಶಾಖೆಗೆ ಅವರು ಆರಿಸಿದ್ದು ಉಮಾಬಾಯಿಯವರನ್ನು.

ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ತರಬೇತಿಗೊಳಿಸುವುದು ಮುಖ್ಯ ಕಾರ್ಯ. ಓದು ಬರಹ, ಆರೋಗ್ಯ, ನೂಲುವುದು, ಮಕ್ಕಳ ಪಾಲನೆ ಇವುಗಳನ್ನು ಕಲಿತ ಸೇವಿಕೆಯು ತನ್ನ ಹಳ್ಳಿಗೆ ಹಿಂತಿರುಗಿ ಹತ್ತು ಜನರಿಗೆ ಕಲಿಸಬೇಕು. ಈ ಕಾರ್ಯಕ್ಕೆ ಹಣವು ಸಾಲದಾದಾಗ ಉಮಾಬಾಯಿಯವರು ಸಂಕೋಚಪಡದೆ ಮನೆಮನೆಗೆ ಹೋಗಿ ವಂತಿಗೆ ಕೂಡಿಸಿದರು. ತಮಗಾಗಿ ಯಾರ ಮುಂದೆಯೂ ಕೈ ಚಾಚದವರು ಇತರರಿಗಾಗಿ ಎಲ್ಲರ ಮುಂದೆಯೂ ಕೈ ಚಾಚಿದರು.

ಬಂದ ಸನ್ಮಾನವನ್ನು ಬಿಟ್ಟವರು

1947ರಲ್ಲಿ ಸ್ವಾತಂತ್ರ್ಯ ಬಂದಿತು. ಹೋರಾಟದಲ್ಲಿದ್ದ ಅನೇಕರು ಸ್ಥಾನಮಾನಗಳನ್ನು ಪಡೆದರು. ಪಡೆಯಲು ಅರ್ಹರೂ ಆಗಿದ್ದರು. ಉಮಾಬಾಯಿಯವರು ಯಾವ ಅಧಿಕಾರವನ್ನೂ ಬಯಸಲಿಲ್ಲ. ಸ್ವಾತಂತ್ರ್ಯದ ರಜತೋತ್ಸವದ ವರ್ಷವಾದ 1972ರಲ್ಲಿ ಕೇಂದ್ರ ಸರಕಾರವು ಸ್ವಾತಂತ್ರ್ಯ ಯೋಧರಿಗೆ ತಾಮ್ರಪತ್ರವನ್ನೂ ನಿವೃತ್ತಿವೇತನವನ್ನೂ ಕೊಡುವ ಏರ್ಪಾಡು ಮಾಡಿತು. ಸೆರೆಮನೆ ಕಂಡ, ಆಸ್ತಿ ಕಳೆದುಕೊಂಡ ಉಮಾಬಾಯಿಯವರಿಗೆ ಅವು ನ್ಯಾಯವಾಗಿಯೇ ಸಲ್ಲಬೇಕಾದವು. ಅವರು ತಾಮ್ರಪತ್ರವನ್ನೂ ಸ್ವೀಕರಿಸಲಿಲ್ಲ, ವೇತನವನ್ನೂ ಸ್ವೀಕರಿಸಲಿಲ್ಲ. ಮಾವನವರ ಹೆಸರನ್ನು ಹೊತ್ತ ಆನಂದ ಸ್ಮೃತಿ ಎಂಬ ಚಿಕ್ಕ ಮನೆಯಲ್ಲಿ, ಹುಬ್ಬಳ್ಳಿಯಲ್ಲಿಯೇ, ಸರಳವಾಗಿ ಬಾಳಿದರು. 1992ರಲ್ಲಿ, ಶತಾಯುಷ್ಯದ ಹೊಸ್ತಿಲಲ್ಲಿ, ದೇಹವನ್ನು ಬಿಟ್ಟರು.

ಇಲ್ಲಿ ಒಂದು ಸೂಕ್ಷ್ಮವಿದೆ. ತನ್ನದೆಂದು ಇರುವುದನ್ನು ಮಾತ್ರ ಮನುಷ್ಯನು ಬಿಡಬಲ್ಲನು. ತನ್ನದೆನ್ನಲು ಏನೂ ಇಲ್ಲದವನ ಕೈಯಲ್ಲಿ ಅಪರಿಗ್ರಹವೂ ಇಲ್ಲ, ಬರಿಯ ದಾರಿದ್ರ್ಯವಿದೆ. ವಿಧವೆಯ ಕುಂಕುಮವನ್ನು ಅಳಿಸಿದ ಸಮಾಜವು ಅವಳಿಂದ ತ್ಯಾಗವನ್ನು ಮಾಡಿಸಲಿಲ್ಲ. ಅವಳ ತ್ಯಾಗದ ಅವಕಾಶವನ್ನೇ ಕಿತ್ತುಕೊಂಡಿತು. ಉಮಾಬಾಯಿಯವರು ಸ್ತ್ರೀಯರಿಗೆ ಓದು, ಕೆಲಸ, ಸಭೆ, ಊರಿನ ಬೀದಿ ಇವೆಲ್ಲ ತಮ್ಮವೆಂದು ಹೇಳುವ ಹಕ್ಕನ್ನು ಮೊದಲು ದೊರಕಿಸಿಕೊಟ್ಟರು. ತಮಗೆ ಬಂದದ್ದನ್ನು ಆಮೇಲೆ ತಾವಾಗಿ ಬಿಟ್ಟರು. ಈ ಕ್ರಮವನ್ನು ಹಿಂದುಮುಂದು ಮಾಡಲಾಗದು.

ಸಮಾಜಕ್ಕೊಂದು ವಿಚಾರ

ಇಂದು ಕಾನೂನುಗಳಿಗೆ ಕೊರತೆಯಿಲ್ಲ. 1929ರ ಶಾರದಾ ಕಾಯಿದೆಯು ಹೆಣ್ಣಿನ ವಿವಾಹಕ್ಕೆ ಕನಿಷ್ಠ 14 ವರ್ಷವೆಂದು ಗೊತ್ತುಮಾಡಿತು; ಮುಂದೆ ಅದು 18ಕ್ಕೆ ಏರಿತು. ಜೈನ ಸಮಾಜಕ್ಕೂ ಅನ್ವಯವಾಗುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಗೂ ಮಗಳಿಗೂ ಆಸ್ತಿಯಲ್ಲಿ ಸ್ವಂತ ಹಕ್ಕನ್ನು ಕೊಟ್ಟಿತು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನ ಸಮಾನಳಾದಳು.

ಆದರೂ ಮನೆಯಲ್ಲಿ ಪಾಲಾಗುವ ಹೊತ್ತಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಸೀರೆ ಅರಿಷಿಣ ಕುಂಕುಮ ಕೊಟ್ಟು, ಹಕ್ಕುತ್ಯಾಗ ಪತ್ರಕ್ಕೆ ಸಹಿ ಪಡೆಯುವ ವಾಡಿಕೆಯು ಅಳಿದಿಲ್ಲ. ವ್ಯಾಪಾರದಲ್ಲಿ ಒಂದು ಪೈಸೆಯ ಲೆಕ್ಕವನ್ನೂ ತಪ್ಪಿಸದ ಮನೆತನಗಳಲ್ಲಿಯೂ ಈ ಲೆಕ್ಕವು ತಪ್ಪುತ್ತದೆ. ಆ ಪತ್ರದ ಹೆಸರಿನಲ್ಲಿ ತ್ಯಾಗವೆಂಬ ಶಬ್ದವಿದೆ. ತಂಗಿಯು ಎಲ್ಲವನ್ನೂ ತಿಳಿದು, ತನ್ನ ಪಾಲು ಎಷ್ಟೆಂಬುದನ್ನು ಕೇಳಿ, ಪೂರ್ಣ ಮನಸ್ಸಿನಿಂದ ಬಿಟ್ಟರೆ ಅದು ತ್ಯಾಗ. ಕೈ ಮುಗಿದು ಸ್ವೀಕರಿಸಬೇಕಾದದ್ದು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಸಹಿ ಮಾಡಿದರೆ ಅದು ಯಾವುದೆಂಬುದನ್ನು ಪ್ರತಿಯೊಬ್ಬ ಶ್ರಾವಕನೂ ತನ್ನ ಆತ್ಮವನ್ನೇ ಕೇಳಿಕೊಳ್ಳಬೇಕು. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದೆಂಬುದು ಅಣುವ್ರತಗಳಲ್ಲಿ ಒಂದಲ್ಲವೇ?

ಧೈರ್ಯವಂತ ಸ್ತ್ರೀಯರನ್ನು ಸನ್ಮಾನಿಸುವುದು ಒಳ್ಳೆಯ ಸಂಪ್ರದಾಯ. ಶಾಲು, ಹಾರ, ಫಲಕ ಇವುಗಳಿಂದ ಸಮಾಜವು ತನ್ನ ಕೃತಜ್ಞತೆಯನ್ನು ಸೂಚಿಸುತ್ತದೆ. ಆದರೆ ತಾಮ್ರಪತ್ರವನ್ನೇ ಸ್ವೀಕರಿಸದವರನ್ನು ಯಾವ ರೀತಿಯಿಂದ ಗೌರವಿಸಬೇಕು? ಅದಕ್ಕೆ ಉತ್ತರವು ಆನಂದರಾಯರ ನಡತೆಯಲ್ಲಿದೆ. ಅವರು ಸೊಸೆಗೆ ಬಿರುದು ಕೊಡಲಿಲ್ಲ, ಪುಸ್ತಕ ಕೊಟ್ಟರು. ಶೋಕದ ದಿನದಲ್ಲಿ ಮೂಲೆಯನ್ನು ತೋರಿಸಲಿಲ್ಲ, ಶಾಲೆಯನ್ನು ತೋರಿಸಿದರು. ಉಮಾಬಾಯಿಯವರಂತಹ ಧೈರ್ಯವು ಶತಮಾನಕ್ಕೆ ಒಬ್ಬರಿಬ್ಬರಿಗೆ ಬರಬಹುದು. ಆನಂದರಾಯರಂತೆ ನಡೆಯುವುದು ಪ್ರತಿ ಮನೆಯ ಯಜಮಾನನಿಗೂ ಸಾಧ್ಯವಿರುವ ಮಾತು.

ಬಸದಿಯಲ್ಲಿ ಜಿನಬಿಂಬವು ಪ್ರತಿಷ್ಠೆಗೊಳ್ಳುವ ಈ ಪುಣ್ಯಕಾಲದಲ್ಲಿ ಪ್ರತಿಯೊಂದು ಮನೆಯಲ್ಲಿ ಹೆಣ್ಣುಮಗಳ ವಿದ್ಯೆಯೂ, ಪಾಲೂ, ಮಾತೂ ಪ್ರತಿಷ್ಠೆಗೊಳ್ಳಲಿ. ಅದೇ ಆ ಮಹಾತಾಯಿಗೆ ಸಲ್ಲುವ ಗೌರವ. ಅದನ್ನು ಅವರು ಬೇಡವೆನ್ನುತ್ತಿರಲಿಲ್ಲ.